ಬೋರ್ಡ್ ಮೇಲೆ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅನ್ನೋದನ್ನ ಮೊದಲು ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿ ಉಳಿಸಿಕೊಂಡು, ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ವಿರಾಜಪೇಟೆಯಿಂದ ಮಾತಾಡ್ತಿದ್ದೀನಿ. ಇವತ್ತಿನ ಸಂಚಿಕೆ ಒಬ್ಬ ಕೇಳುಗರ ಪ್ರಶ್ನೆಗೆ ಉತ್ತರ.

ಅವರು ಬಿಟ್ಟಂಗಾಲ ಕಡೆಯ ಕಾಫಿ ಬೆಳೆಗಾರರು. ಅವರ ತಂದೆ ಎಷ್ಟೋ ವರ್ಷದಿಂದ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕದ ನೀರು ಅಳೆದು ಡೈರಿಯಲ್ಲಿ ಬರೆದಿಡ್ತಾ ಬಂದಿದ್ದಾರೆ. ಕೊಡಗಿನ ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ. ಲೆಕ್ಕ ಇಂಚು ಮತ್ತು ಸೆಂಟಲ್ಲಿ. ಒಂದು ಇಂಚಿಗೆ ನೂರು ಸೆಂಟು. ಈಗ ತಂದೆಗೆ ವಯಸ್ಸಾಗಿದೆ, ಕಣ್ಣು ಮಂಜು, ಕಕ್ಕಡದ ಮಳೆಯಲ್ಲಿ ಮೆಟ್ಟಿಲಿಳಿದು ಹೋಗೋದು ಕಷ್ಟ. ಮಗ ಮೈಸೂರಿಗೆ, ಬೆಂಗಳೂರಿಗೆ ಓಡಾಡ್ಕೊಂಡಿರೋರು. ಹಾಗಾಗಿ ತಾನಾಗೇ ಲೆಕ್ಕ ಇಡೋ ಒಂದು ಯಂತ್ರ ಮಾಡಿಸೋಣ ಅಂತ ಅಂದ್ಕೊಂಡಿದ್ದಾರೆ. ಸಂಬಂಧಿಕರ ಹುಡುಗ ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಓದ್ತಿದ್ದಾನೆ, ಮಾಡಿಕೊಡ್ತೀನಿ ಅಂದಿದ್ದಾನೆ. ಅವರು ನನಗೆ ಕಳಿಸಿದ ಪ್ರಶ್ನೆ ಇಷ್ಟೇ: ಸಿಂಗಲ್ ಬೋರ್ಡ್ ಕಂಪ್ಯೂಟರ್ ತಗೋಬೇಕಂತೆ, 4 ಜಿಬಿದು ತಗೊಳ್ಳೋದಾ, 8 ಜಿಬಿದಾ?

ಉತ್ತರ ಮೊದಲೇ ಹೇಳಿಬಿಡ್ತೀನಿ. ಈ ಕೆಲಸಕ್ಕೆ ಜಿಬಿ ಲೆಕ್ಕಕ್ಕೇ ಬರಲ್ಲ. ಲೆಕ್ಕಕ್ಕೆ ಬರೋ ನಾಲ್ಕೈದು ವಿಷಯ ಬೇರೆ ಇವೆ, ಅವು ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ಇರಲ್ಲ. ತಪ್ಪು ಬೋರ್ಡ್ ತಂದರೆ ಹೋಗೋದು ದುಡ್ಡು ಮಾತ್ರ ಆಗಿದ್ರೆ ಪರವಾಗಿಲ್ಲ. ಒಂದು ಮಳೆಗಾಲದ ಲೆಕ್ಕ ತಪ್ಪಿದ್ರೆ ಅದನ್ನ ಮತ್ತೆ ಅಳೆಯೋಕೆ ಆಗಲ್ಲ. ಅಷ್ಟು ವರ್ಷ ಬಿಡದೆ ಬಂದ ಡೈರಿಯಲ್ಲಿ ಒಂದು ವರ್ಷ ಖಾಲಿ ಉಳಿಯುತ್ತೆ.

ಸಿಂಗಲ್ ಬೋರ್ಡ್ ಅಂದ್ರೆ?

ಪ್ರೊಸೆಸರ್, ಮೆಮೊರಿ, ಯುಎಸ್‌ಬಿ, ನೆಟ್‌ವರ್ಕ್ ಎಲ್ಲವನ್ನೂ ಒಂದೇ ಹಲಗೆ ಮೇಲೆ ಬೆಸುಗೆ ಹಾಕಿ ಕೂರಿಸಿದ ಕಂಪ್ಯೂಟರ್. ಸುಮಾರು ಎಟಿಎಂ ಕಾರ್ಡಿನಷ್ಟು ಅಗಲ. ಲ್ಯಾಪ್‌ಟಾಪ್‌ನಲ್ಲಿ ನಡೆಯೋ ಲಿನಕ್ಸ್ ಇದರಲ್ಲೂ ನಡೆಯುತ್ತೆ.

ಇದಕ್ಕೆ ಎಂಬೆಡೆಡ್ ಅನ್ನೋ ಪದ ಸೇರಿಸಿದ್ರೆ ಅರ್ಥ ಸ್ವಲ್ಪ ಬಿಗಿಯಾಗುತ್ತೆ. ಬೇರೊಂದು ಯಂತ್ರದ ಹೊಟ್ಟೆಯೊಳಗೆ ಕೂತು, ಒಂದೇ ಕೆಲಸವನ್ನ ಯಾರೂ ನೋಡದಿದ್ದಾಗಲೂ ಮಾಡ್ತಾ ಇರೋದು ಅಂತ. ಪೆಟ್ರೋಲ್ ಬಂಕಿನ ಮೀಟರ್, ಬಸ್ ಕಂಡಕ್ಟರ್ ಕೈಯ ಟಿಕೆಟ್ ಮಷಿನ್ ಒಳಗಿರೋ ಥರ. ಮೇಜಿನ ಮೇಲಿನ ಕಂಪ್ಯೂಟರ್ ಹ್ಯಾಂಗ್ ಆದ್ರೆ ನಾವೇ ಆಫ್ ಮಾಡಿ ಆನ್ ಮಾಡ್ತೀವಿ. ತೋಟದ ಶೆಡ್‌ನಲ್ಲಿ ಇರೋದಕ್ಕೆ ಅದನ್ನ ಮಾಡೋರು ಯಾರು? ಇವತ್ತಿನ ಇಡೀ ಸಂಚಿಕೆ ಈ ಪ್ರಶ್ನೆ ಸುತ್ತ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಸ್ಪೆಕ್ ಶೀಟ್ ಕೈಗೆ ಬಂದ್ರೆ ಅದನ್ನ ಬ್ಯಾಲೆನ್ಸ್ ಶೀಟ್ ಥರಾನೇ ಓದ್ತೀನಿ. ಸಮಸ್ಯೆ ಏನಂದ್ರೆ ಸ್ಪೆಕ್ ಶೀಟಲ್ಲಿ ಆಸ್ತಿಯ ಕಡೆ ಮಾತ್ರ ಇರುತ್ತೆ. ಇಷ್ಟು ಗಿಗಾಹರ್ಟ್ಸ್, ಇಷ್ಟು ಜಿಬಿ, ಇಷ್ಟು ಪೋರ್ಟ್. ಹೊಣೆಗಾರಿಕೆಯ ಕಡೆ ಖಾಲಿ. ಬೋರ್ಡ್ ಮೇಲೆ ಇಲ್ಲದೇ ಇರೋದನ್ನ ಆಮೇಲೆ ಯಾರೋ ಒಬ್ಬರು ತುಂಬಬೇಕು. ಆ ಯಾರೋ ಅಂದ್ರೆ ಕೊಂಡ ನಾವೇ.

ಇದು ಅರ್ಥ ಆಗೋಕೆ ಎರಡು ಕಂಪ್ಯೂಟರ್‌ಗಳ ಕಥೆ ಹೇಳ್ತೀನಿ. ಒಂದು ನಮ್ಮ ಬೆಂಗಳೂರಿಂದು.

ಎಲ್ಲವನ್ನೂ ಒಳಗೇ ಇಟ್ಟ ಸಿಂಪ್ಯೂಟರ್

1998ರಲ್ಲಿ ಹುಟ್ಟಿದ ಯೋಚನೆ ಇದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದ್ರು. ಹಳ್ಳಿಯ ಜನ ಬಳಸಬಹುದಾದ, ಕೈಯಲ್ಲಿ ಹಿಡಿಯೋ ಅಗ್ಗದ ಕಂಪ್ಯೂಟರ್ ಮಾಡೋದು ಗುರಿ. 2001ರ ಏಪ್ರಿಲ್ 25ರಂದು ಮೊದಲ ಮಾದರಿ ಹೊರಗೆ ತಂದ್ರು.

ಅದರ ಹಾರ್ಡ್‌ವೇರ್ ಪಟ್ಟಿ ಇವತ್ತು ಓದಿದ್ರೆ ನಗು ಬರಬಹುದು. 206 ಮೆಗಾಹರ್ಟ್ಸ್‌ನ ಇಂಟೆಲ್ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 32 ಅಥವಾ 64 ಎಂಬಿ ಮೆಮೊರಿ, 320 ಅಡ್ಡ 240 ಚುಕ್ಕಿಗಳ ಕಪ್ಪುಬಿಳುಪು ಟಚ್ ಪರದೆ. ಆದ್ರೆ ಆ ಪಟ್ಟಿಯನ್ನ ಬೇರೆ ಥರ ಓದಿ. ಒಂದೊಂದು ಭಾಗದ ಹಿಂದೆಯೂ ಒಬ್ಬ ಮನುಷ್ಯ ಇದ್ದಾನೆ.

ಹಳ್ಳಿಯಲ್ಲಿ ಎಲ್ಲರಿಗೂ ಒಂದೊಂದು ಕೊಳ್ಳೋಕೆ ಆಗಲ್ಲ, ಒಂದನ್ನೇ ಹತ್ತು ಜನ ಹಂಚ್ಕೋಬೇಕು. ಅದಕ್ಕೆ ಸ್ಮಾರ್ಟ್ ಕಾರ್ಡ್ ಹಾಕೋ ಜಾಗ ಇಟ್ರು. ನಿಮ್ಮ ಕಾರ್ಡ್ ಹಾಕಿದ್ರೆ ಅದು ನಿಮ್ಮ ಕಂಪ್ಯೂಟರ್, ನನ್ನ ಕಾರ್ಡ್ ಹಾಕಿದ್ರೆ ನಂದು. ಕರೆಂಟ್ ಇರಲ್ಲ, ಅದಕ್ಕೆ ಅಂಗಡಿಯಲ್ಲಿ ಸಿಗೋ ಅಳತೆಯ ಮೂರು ಎಎಎ ಸೆಲ್‌ನಲ್ಲಿ ನಡೆಯೋ ಹಾಗೆ ಮಾಡಿದ್ರು. ಓದೋಕೆ ಬರದವರೂ ಇರ್ತಾರೆ, ಅದಕ್ಕೆ ಸ್ಪೀಕರ್ ಇಟ್ಟು, ಬರಹವನ್ನ ಕನ್ನಡದಲ್ಲೇ ಓದಿ ಹೇಳೋ ‘ಧ್ವನಿ’ ಅನ್ನೋ ತಂತ್ರಾಂಶ ಬರೆದ್ರು. ಊರಲ್ಲಿ ಇದ್ರೆ ಇರೋದು ಲ್ಯಾಂಡ್‌ಲೈನ್, ಅದಕ್ಕೆ ಮೋಡೆಮ್.

ಬೇಕಾದ್ದೆಲ್ಲ ಒಳಗೇ ಇತ್ತು. ಬೆಲೆ ಮಾತ್ರ ಅದೇ ಕಾರಣಕ್ಕೆ ಇಳೀಲಿಲ್ಲ. ಸುಮಾರು 9 ಸಾವಿರ ರೂಪಾಯಿಗೆ ಕೊಡಬೇಕು ಅನ್ನೋದು ಆಸೆ. 2004ರಲ್ಲಿ ಬಿಇಎಲ್ ತಯಾರಿಸಿದ, ಪಿಕೋಪೇಟಾ ಕಂಪನಿಯ ಅಮಿಡಾ ಸಿಂಪ್ಯೂಟರ್ ಅಂಗಡಿಗೆ ಬಂದಾಗ ಮಾದರಿ ನೋಡ್ಕೊಂಡು ಬೆಲೆ ಸುಮಾರು 10 ಸಾವಿರದಿಂದ 20 ಸಾವಿರ. ಪರದೆ, ಕಾರ್ಡ್ ರೀಡರ್, ಮೋಡೆಮ್ ಎಲ್ಲ ಒಟ್ಟಿಗೆ ಹಾಕಿದಾಗ, ಲಕ್ಷಗಟ್ಟಲೆ ಮಾಡಿದ್ರೆ ಮಾತ್ರ ಒಂದೊಂದರ ಬೆಲೆ ಇಳಿಯುತ್ತೆ. ಬೆಲೆ ಇಳಿಯದೆ ಲಕ್ಷಗಟ್ಟಲೆ ಮಾರೋಕೆ ಆಗಲ್ಲ. ಕಾಮರ್ಸ್ ಓದಿದವರಿಗೆ ಗೊತ್ತಿರೋ ಗಂಟು ಇದು. 2005ರ ಹೊತ್ತಿಗೆ ಮಾರಾಟ ಆಗಿದ್ದು ಸುಮಾರು 4 ಸಾವಿರ. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗ ಆಗ್ತಾ ಬಂತು.

ಕರ್ನಾಟಕ ಸರ್ಕಾರ ಭೂದಾಖಲೆ ಕೆಲಸಕ್ಕೆ ಇದನ್ನ ಬಳಸಿದ್ದೂ ಇದೆ. ಹಾಗಾಗಿ ಇದನ್ನ ಬರೀ ಸೋಲು ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಯಾರಿಗಾಗಿ ಮಾಡ್ತಿದ್ದೀವಿ ಅಂತ ಮೊದಲು ಕೇಳ್ಕೊಂಡು, ಆಮೇಲೆ ಬಿಡಿಭಾಗ ಆರಿಸಿದ ಕಂಪ್ಯೂಟರ್ ಅದು. ಆ ಕ್ರಮ ನಮಗೆ ಈಗಲೂ ಬೇಕು.

ಬಿಟ್ಟೂ ಬಿಟ್ಟು ಅಗ್ಗವಾದ ರಾಸ್ಪ್‌ಬೆರಿ ಪೈ

ಎರಡನೇ ಕಥೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ದು. 2012ರ ಫೆಬ್ರವರಿ 29ರಂದು ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂತು. ಬೆಲೆ 35 ಡಾಲರ್. 700 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ಮೆಮೊರಿ. ಉದ್ದೇಶ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸೋದು.

ಅಷ್ಟು ಅಗ್ಗ ಹೇಗಾಯ್ತು? ಪರದೆ ಇಲ್ಲ, ನಿಮ್ಮ ಟಿವಿ ಬಳಸಿ. ಕೀಬೋರ್ಡ್ ಇಲ್ಲ, ನಿಮ್ಮಲ್ಲಿರೋದು ಹಾಕಿ. ಚಾರ್ಜರ್ ಇಲ್ಲ, ಫೋನಿಂದು ತನ್ನಿ. ಹಾರ್ಡ್ ಡಿಸ್ಕ್ ಇಲ್ಲ, ಕ್ಯಾಮೆರಾದ ಎಸ್‌ಡಿ ಕಾರ್ಡ್ ಹಾಕಿ. ಗಡಿಯಾರ ಇಲ್ಲ, ಸಮಯ ಇಂಟರ್ನೆಟ್‌ನಿಂದ ತಗೊಳ್ಳುತ್ತೆ. ಬ್ಯಾಟರಿ ಇಲ್ಲ, ಸ್ವಿಚ್ಚೂ ಇಲ್ಲ. ಮನೆಯಲ್ಲಿ ಹೇಗೂ ಇರುತ್ತೆ ಅನ್ನೋದನ್ನೆಲ್ಲ ಬೋರ್ಡ್‌ನಿಂದ ತೆಗೆದ್ರು.

ಇದರಲ್ಲಿ ಮೋಸ ಏನೂ ಇಲ್ಲ, ಜಾಣತನವೇ. ಆದ್ರೆ ಆ ಜಾಣತನದ ಒಳಗೆ ಒಂದು ಮನೆಯ ಚಿತ್ರ ಇದೆ. ಸದಾ ಕರೆಂಟ್ ಇರೋ, ಇಂಟರ್ನೆಟ್ ಇರೋ, ಒಣಗಿದ, ಮೇಜಿನ ಮುಂದೆ ಒಬ್ಬರು ಕೂತಿರೋ ಮನೆ. ಜುಲೈ ತಿಂಗಳ ನಮ್ಮ ತೋಟದ ಶೆಡ್ ಅಂಥ ಮನೆ ಅಲ್ಲ.

ಕರ್ನಾಟಕದ ಇತ್ತೀಚಿನ ಕಂಪ್ಯೂಟರ್‌ನ್ನೂ ಹೀಗೇ ಓದಬಹುದು. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕಿಯೋನಿಕ್ಸ್ ತಂದ ‘ಕಿಯೋ’ ಬೆಲೆ 18,999 ರೂಪಾಯಿ. ಯಾರು ಬೇಕಾದ್ರೂ ಬಳಸಬಹುದಾದ ರಿಸ್ಕ್-ಫೈವ್ ವಿನ್ಯಾಸದ ಪ್ರೊಸೆಸರ್, ಲಿನಕ್ಸ್, 4ಜಿ, ವೈಫೈ, ಎಚ್‌ಡಿಎಂಐ. ವಿದ್ಯಾರ್ಥಿಯ ಮೇಜಿಗೆ ಅಂತ ಮಾಡಿದ್ದು ಅನ್ನೋದು ಪಟ್ಟಿ ನೋಡಿದ್ರೇ ಗೊತ್ತಾಗುತ್ತೆ. ಮಳೆ ಅಳೆಯೋಕೆ ಅದನ್ನ ತರೋದು, ಕಾಫಿ ಹಣ್ಣು ಕುಯ್ಯೋಕೆ ಲಾರಿ ತಂದ ಹಾಗೆ.

ಈಗ ಶೆಡ್‌ಗೆ ಬರೋಣ. ಯಾವ ಬೋರ್ಡ್ ತಂದ್ರೂ ಈ ಐದು ವಿಷಯ ಕೇಳಿ.

ಒಂದು: ಗಡಿಯಾರ ಇದೆಯಾ?

ಕಂಪ್ಯೂಟರ್ ಆಫ್ ಆದಾಗಲೂ ಒಂದು ಸಣ್ಣ ನಾಣ್ಯದ ಸೆಲ್ಲಿನಲ್ಲಿ ನಡೀತಾ ಇರೋ ಗಡಿಯಾರಕ್ಕೆ ರಿಯಲ್ ಟೈಮ್ ಕ್ಲಾಕ್, ಚಿಕ್ಕದಾಗಿ ಆರ್‌ಟಿಸಿ ಅಂತಾರೆ. ಲ್ಯಾಪ್‌ಟಾಪ್‌ನಲ್ಲಿ ಇದ್ದೇ ಇರುತ್ತೆ. ಪೈ 4ರವರೆಗಿನ ರಾಸ್ಪ್‌ಬೆರಿ ಪೈ ಬೋರ್ಡ್‌ಗಳಲ್ಲಿ ಇಲ್ಲ.

ಇಲ್ಲದಿದ್ರೆ ಏನಾಗುತ್ತೆ ನೋಡಿ. ರಾತ್ರಿ 11ಕ್ಕೆ ಕರೆಂಟ್ ಹೋಯ್ತು, ಬೆಳಗಿನ ಜಾವ 5ಕ್ಕೆ ಬಂತು. ನೆಟ್‌ವರ್ಕ್ ಇದ್ರೆ ಬೋರ್ಡ್ ಸಮಯ ಸರಿ ಮಾಡ್ಕೊಳ್ಳುತ್ತೆ. ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋದ್ರೆ ಟವರ್ ಕೂಡ ಹೆಚ್ಚು ಹೊತ್ತು ನಿಲ್ಲಲ್ಲ. ಆಗ ಬೋರ್ಡ್ ತಾನು ಕೊನೆಗೆ ಬರೆದಿಟ್ಟುಕೊಂಡ ಸಮಯದಿಂದ, ಅಂದ್ರೆ ಹೆಚ್ಚುಕಡಿಮೆ ರಾತ್ರಿ 11ರಿಂದಲೇ ಮತ್ತೆ ಶುರು ಮಾಡುತ್ತೆ. ಬೆಳಿಗ್ಗೆ 6ಕ್ಕೆ ಬಿದ್ದ ಮಳೆ ಪುಸ್ತಕದಲ್ಲಿ ನಡುರಾತ್ರಿಯ ಮಳೆ. ಒಂದೆರಡು ಸಲ ಹೀಗಾದ್ರೆ ತಾರೀಕೇ ಹಿಂದೆ ಬೀಳುತ್ತೆ, ಯಾರಿಗೂ ಗೊತ್ತೇ ಆಗಲ್ಲ.

ಸಮಯ ಯಾಕಷ್ಟು ಮುಖ್ಯ? 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ, 2019ರ ಆಗಸ್ಟ್‌ನಲ್ಲಿ ನಮ್ಮದೇ ತಾಲೂಕಿನ ತೋರದಲ್ಲಿ ಗುಡ್ಡ ಕುಸಿದ ಮೇಲೆ ನಮಗೆಲ್ಲ ಗೊತ್ತಾಗಿದೆ. 24 ಗಂಟೆಗೆ 8 ಇಂಚು ಬಿದ್ರೆ ಒಂದು ಲೆಕ್ಕ, 3 ಗಂಟೆಗೆ 8 ಇಂಚು ಬಿದ್ರೆ ಬೇರೆ ಲೆಕ್ಕ. ಡೈರಿಯಲ್ಲಿ ದಿನದ ಮೊತ್ತ ಇರುತ್ತೆ. ಯಂತ್ರ ಇಡೋದೇ ಗಂಟೆ ಗಂಟೆಯ ಲೆಕ್ಕ ಸಿಗಲಿ ಅಂತ. ಅದರಲ್ಲಿ ಗಂಟೆಯೇ ತಪ್ಪಾದ್ರೆ ಡೈರಿಯೇ ವಾಸಿ.

2023ರಲ್ಲಿ ಬಂದ ಪೈ 5ರಲ್ಲಿ ಗಡಿಯಾರ ಇದೆ. ಆದ್ರೆ ಬೋರ್ಡ್ ಮೇಲೆ ಇರೋದು ಗಡಿಯಾರ ಮತ್ತು ಸೆಲ್ ಜೋಡಿಸೋ ಸಾಕೆಟ್, ಸೆಲ್ ಬೇರೆ ಕೊಳ್ಳಬೇಕು. ಬೀಗಲ್‌ಬೋನ್ ಬ್ಲ್ಯಾಕ್ ಅನ್ನೋ ಇನ್ನೊಂದು ಬೋರ್ಡ್‌ನ ಚಿಪ್ ಒಳಗೆ ಗಡಿಯಾರ ಇದೆ, ಆದ್ರೆ ಕರೆಂಟ್ ಹೋದಾಗ ಅದನ್ನ ನಡೆಸೋ ಸೆಲ್ ಬೋರ್ಡ್ ಮೇಲಿಲ್ಲ. ಇದೆ ಅಂತ ಬರೆದಿದ್ರೂ ಸಾಕಾಗಲ್ಲ, ಕರೆಂಟ್ ಇಲ್ಲದಾಗ ನಡೆಯುತ್ತಾ ಅಂತ ಕೇಳಬೇಕು.

ಪರಿಹಾರ ದುಬಾರಿ ಅಲ್ಲ. ಡಿಎಸ್3231 ಅನ್ನೋ ಸಣ್ಣ ಗಡಿಯಾರದ ಬೋರ್ಡ್ ಸಿಗುತ್ತೆ, ನಾಲ್ಕು ವೈರಲ್ಲಿ ಜೋಡಿಸಬಹುದು. ವರ್ಷಕ್ಕೆ ಸುಮಾರು ಒಂದು ನಿಮಿಷ ಹೆಚ್ಚುಕಡಿಮೆ ಆಗುತ್ತೆ, ಅಷ್ಟೇ.

ಎರಡು: ಬರೆದಿದ್ದು ಎಲ್ಲಿ ಉಳಿಯುತ್ತೆ?

ರ‍್ಯಾಮ್ ಅಂದ್ರೆ ಕೆಲಸ ಮಾಡೋವಾಗಿನ ಮೇಜು. ಕರೆಂಟ್ ಹೋದ್ರೆ ಮೇಜು ಖಾಲಿ. ಉಳಿಯೋದು ಬೀರುವಿನಲ್ಲಿ ಇಟ್ಟಿದ್ದು ಮಾತ್ರ. ಪೈ ಥರದ ಬೋರ್ಡ್‌ಗಳಲ್ಲಿ ಆ ಬೀರು ಅಂದ್ರೆ ಮೈಕ್ರೋ ಎಸ್‌ಡಿ ಕಾರ್ಡ್.

ಕಾರ್ಡಿಗೆ ಎರಡು ಶತ್ರು. ಒಂದು, ಬರೀತಾ ಇರೋವಾಗಲೇ ಕರೆಂಟ್ ಹೋಗೋದು. ಅರ್ಧ ಬರೆದ ಕಡತ ಕೆಡುತ್ತೆ, ಕೆಲವೊಮ್ಮೆ ಬೋರ್ಡ್ ಮತ್ತೆ ಏಳೋದೇ ಇಲ್ಲ. ಇನ್ನೊಂದು, ತೇವ. ಸಾಕೆಟ್‌ನ ಲೋಹದ ತುದಿಗಳಿಗೆ ಮಳೆಗಾಲದಲ್ಲಿ ಕಿಲುಬು ಹಿಡಿಯುತ್ತೆ.

2013ರಲ್ಲಿ 45 ಡಾಲರ್‌ಗೆ ಬಂದ ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಇಎಂಎಂಸಿ ಅನ್ನೋ ಸಂಗ್ರಹ ಇದೆ. ಮೊದಲು 2 ಜಿಬಿ ಇತ್ತು, ಆಮೇಲೆ 4 ಜಿಬಿ ಆಯ್ತು. ಇದು ಬೋರ್ಡಿಗೇ ಬೆಸುಗೆ ಹಾಕಿರೋದು, ಸಾಕೆಟ್ ಇಲ್ಲ, ಸಡಿಲ ಆಗಲ್ಲ. ಆದ್ರೆ ದಿಢೀರ್ ಕರೆಂಟ್ ಹೋದ್ರೆ ಇದರಲ್ಲೂ ಕಡತ ಕೆಡಬಹುದು. ಹಾಗಾಗಿ ಹುಡುಗನಿಗೆ ಹೇಳಬೇಕಾದ್ದು ಇದು: ಲಿನಕ್ಸ್ ಇರೋ ಭಾಗವನ್ನ ಓದೋಕೆ ಮಾತ್ರ ಅಂತ ಬೀಗ ಹಾಕಿಡು, ಮಳೆ ಲೆಕ್ಕಕ್ಕೆ ಬೇರೆ ಭಾಗ ಮಾಡು, ಸೆಕೆಂಡಿಗೊಮ್ಮೆ ಬರೀಬೇಡ.

ಇಲ್ಲೇ ಜಿಬಿ ಪ್ರಶ್ನೆಗೂ ಲೆಕ್ಕ ಹಾಕಿಬಿಡೋಣ. 15 ನಿಮಿಷಕ್ಕೊಮ್ಮೆ ಬರೆದ್ರೆ ದಿನಕ್ಕೆ 96 ಸಾಲು. ಒಂದು ಸಾಲಿಗೆ 50 ಅಕ್ಷರ ಅಂದ್ರೆ ದಿನಕ್ಕೆ 4,800 ಬೈಟ್. ವರ್ಷಕ್ಕೆ ಸುಮಾರು 17.5 ಲಕ್ಷ ಬೈಟ್, ಅಂದ್ರೆ ಎರಡು ಎಂಬಿಯೂ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರೋ ಕೆಲವು ಫೋಟೋಗಳಷ್ಟು. 20 ವರ್ಷ ಹಿಂದಿನ ಸಿಂಪ್ಯೂಟರ್‌ನ 32 ಎಂಬಿ ಕೂಡ ಇದಕ್ಕೆ ಧಾರಾಳ. 4 ಜಿಬಿಯಿಂದ 8 ಜಿಬಿಗೆ ಹೋಗೋ ದುಡ್ಡನ್ನ ಗಡಿಯಾರಕ್ಕೂ ಬ್ಯಾಟರಿಗೂ ಹಾಕಿ.

ಮೂರು: ಕರೆಂಟ್ ಎಷ್ಟು ಕುಡಿಯುತ್ತೆ?

ಪೈ 5ಕ್ಕೆ ಕಂಪನಿ ಹೇಳೋ ಚಾರ್ಜರ್ 5 ವೋಲ್ಟ್, 5 ಆಂಪ್. ಸಾಮಾನ್ಯ ಫೋನ್ ಚಾರ್ಜರ್ ಅಷ್ಟು ಕೊಡಲ್ಲ. ಸುಮ್ಮನೆ ಕೂತಿರುವಾಗ ಅಷ್ಟು ಬೇಕಾಗಲ್ಲ ಅನ್ನೋದೂ ನಿಜ. ನಮ್ಮ ಲೆಕ್ಕಕ್ಕೆ ಒಂದು ಬೋರ್ಡ್ 3 ವ್ಯಾಟ್ ತಗೊಳ್ಳುತ್ತೆ ಅಂತ ಇಟ್ಕೊಳ್ಳಿ. ದಿನಕ್ಕೆ 72 ವ್ಯಾಟ್-ಅವರ್. 12 ವೋಲ್ಟ್ 7 ಆಂಪ್-ಅವರ್‌ನ ಸಣ್ಣ ಲೆಡ್ ಬ್ಯಾಟರಿಯಲ್ಲಿ ಇರೋದು 84. ಆ ಬ್ಯಾಟರಿ ಬಾಳಿಕೆ ಬರಬೇಕಾದ್ರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಅಂದ್ರೆ ಕೈಗೆ ಸಿಗೋದು 42. 14 ಗಂಟೆಗೆ ಮುಗೀತು.

ಮರ ಬಿದ್ದು ಲೈನ್ ಹೋದ್ರೆ ನಮ್ಮಲ್ಲಿ 14 ಗಂಟೆಯಲ್ಲಿ ಬರುತ್ತಾ? ತೋಟದ ಒಳಗಿನ ಮನೆಯವರು ಇದನ್ನ ಕೇಳಿ ನಗ್ತಿರಬಹುದು. ಸೋಲಾರ್ ಹಾಕೋಣ ಅಂದ್ರೆ, ಕಕ್ಕಡದಲ್ಲಿ ಬಿಸಿಲು ಎಲ್ಲಿದೆ? ಮಳೆ ಹೆಚ್ಚು ಬೀಳೋ ದಿನವೇ ಕರೆಂಟೂ ಇಲ್ಲ, ಬಿಸಿಲೂ ಇಲ್ಲ. ಅಳೆಯಬೇಕಾದ್ದೂ ಅದೇ ದಿನ.

ಹಾಗಾಗಿ ವೇಗದ ಪ್ರೊಸೆಸರ್ ಇಲ್ಲಿ ಅನುಕೂಲ ಅಲ್ಲ, ಖರ್ಚು.

ನಾಲ್ಕು: ಪಿನ್‌ಗಳು ಏನನ್ನ ತಡ್ಕೊಳ್ತವೆ?

ಬೋರ್ಡ್ ಅಂಚಿನಲ್ಲಿ ಮುಳ್ಳಿನ ಹಾಗೆ ನಿಂತಿರೋ ಪಿನ್‌ಗಳು ಹೊರಜಗತ್ತಿನ ಜೊತೆ ಮಾತಾಡೋಕೆ. ಇವಕ್ಕೆ ಜಿಪಿಐಓ ಅಂತಾರೆ. ಈಗಿನ ಪೈನಲ್ಲಿ ಒಟ್ಟು 40 ಪಿನ್, ಬೀಗಲ್‌ಬೋನ್‌ನಲ್ಲಿ 46ರ ಎರಡು ಸಾಲು.

ತಾನೇ ಲೆಕ್ಕ ಇಡೋ ಮಳೆಮಾಪಕದ ಒಳಗೆ ಏತದ ಥರ ಒಂದು ಪುಟ್ಟ ಜೋಡಿ ಬಟ್ಟಲು ಇರುತ್ತೆ. ಒಂದು ಬಟ್ಟಲು ತುಂಬಿದ್ರೆ ವಾಲಿ ಚೆಲ್ಲುತ್ತೆ, ಇನ್ನೊಂದು ಮೇಲೆ ಬರುತ್ತೆ. ಪ್ರತಿ ಸಲ ವಾಲಿದಾಗ ಒಂದು ಆಯಸ್ಕಾಂತ ಸ್ವಿಚ್ ಮುಂದೆ ಹಾದು ಹೋಗುತ್ತೆ, ಬೋರ್ಡ್ ಒಂದು ಅಂತ ಎಣಿಸುತ್ತೆ. ಸಾಮಾನ್ಯವಾಗಿ ಒಂದು ವಾಲಿಗೆ 0.2 ಮಿಲಿಮೀಟರ್. ಇಂಚಿನ ನೂರನೇ ಒಂದು ಭಾಗಕ್ಕೆ ವಾಲೋದೂ ಸಿಗುತ್ತೆ. ಅದನ್ನ ತಂದ್ರೆ ಒಂದು ವಾಲು ಸರಿಯಾಗಿ ಒಂದು ಸೆಂಟು. ತಂದೆಯ ಡೈರಿಗೆ ನೇರ ಹೊಂದುತ್ತೆ.

ಇಲ್ಲಿ ಮೂರು ಎಚ್ಚರ. ಪೈನ ಪಿನ್‌ಗಳು 3.3 ವೋಲ್ಟ್‌ವು, 5 ವೋಲ್ಟ್ ಕೊಟ್ರೆ ಸುಟ್ಟು ಹೋಗಬಹುದು. ಎರಡನೇದು, ಸ್ವಿಚ್ ಮುಚ್ಚುವಾಗ ಕಣ್ಣಿಗೆ ಕಾಣದಷ್ಟು ಬೇಗ ಎರಡು ಮೂರು ಸಲ ಅದುರುತ್ತೆ. ಅದನ್ನ ಸೋಸದಿದ್ರೆ 60 ಸೆಂಟಿನ ಮಳೆ ಒಂದೂವರೆ ಇಂಚು ಆಗುತ್ತೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾಗೆ ಹೂಮಳೆ ಒಂದು ಇಂಚಾದ್ರೂ ಬಿತ್ತಾ ಇಲ್ವಾ ಅನ್ನೋದರ ಮೇಲೆ ಸ್ಪ್ರಿಂಕ್ಲರ್ ಹಾಕೋ ತೀರ್ಮಾನ ನಿಂತಿರುತ್ತೆ. ಆಗ ಈ ತಪ್ಪಿಗೆ ಬೆಲೆ ಒಂದು ವರ್ಷದ ಫಸಲು. ಮೂರನೇದು, ಅಂಗಳದಿಂದ ಮನೆವರೆಗೆ ಉದ್ದ ವೈರ್ ಎಳೆದ್ರೆ ಅದು ಸಿಡಿಲಿನ ಪ್ರಭಾವಕ್ಕೆ ದಾರಿ. ಏಪ್ರಿಲ್, ಮೇ ಗುಡುಗಿಗೆ ಟಿವಿ ಕೇಬಲ್ ಕಿತ್ತಿಡೋರು ನಾವು, ಇದಕ್ಕೂ ಅದೇ ಭಯ ಇರಲಿ. ನಡುವೆ ಸರ್ಜ್ ರಕ್ಷಣೆ ಬೇಕು, ವೈರ್ ಆದಷ್ಟು ಗಿಡ್ಡ ಇರಲಿ.

ಮಣ್ಣಿನ ತೇವ ಅಳೆಯೋ ಸೆನ್ಸರ್ ಕೂಡ ಹಾಕ್ತೀನಿ ಅಂದ್ರೆ ಇನ್ನೊಂದು ಪ್ರಶ್ನೆ. ಅವು ಹೆಚ್ಚಾಗಿ ಏರಿಳಿಯೋ ವೋಲ್ಟೇಜ್ ಕೊಡ್ತವೆ. ಪೈ ಪಿನ್‌ಗಳಿಗೆ ಗೊತ್ತಿರೋದು ಹೌದು ಅಥವಾ ಇಲ್ಲ, ಎರಡೇ. ಬೀಗಲ್‌ಬೋನ್‌ನಲ್ಲಿ ಅಂಥ ವೋಲ್ಟೇಜ್ ಓದೋ 7 ಪಿನ್ ಇವೆ, ಆದ್ರೆ ಮಿತಿ 1.8 ವೋಲ್ಟ್.

ಐದು: ಕಾವಲು ಯಾರು?

ತೋಟದಲ್ಲಿ ರಾತ್ರಿ ಕಾವಲಿನವನು ಗಂಟೆಗೊಮ್ಮೆ ಶಿಳ್ಳೆ ಹೊಡೀತಾನೆ. ಶಿಳ್ಳೆ ಕೇಳಿಸದಿದ್ರೆ ಯಜಮಾನರು ಎದ್ದು ಟಾರ್ಚ್ ತಗೋತಾರೆ. ಹಾರ್ಡ್‌ವೇರ್‌ನಲ್ಲಿ ಇದಕ್ಕೆ ವಾಚ್‌ಡಾಗ್ ಅಂತ ಹೆಸರು. ಪ್ರೋಗ್ರಾಂ ಆಗಾಗ ನಾನಿದ್ದೀನಿ ಅಂತ ಸಂಕೇತ ಕೊಡ್ತಾ ಇರಬೇಕು. ಕೊಡದೇ ಹೋದ್ರೆ ಸಿಕ್ಕಿಹಾಕ್ಕೊಂಡಿದೆ ಅಂತ ತಿಳಿದು ಆ ಸರ್ಕ್ಯೂಟ್ ತಾನೇ ಬೋರ್ಡ್‌ನ್ನ ರೀಸ್ಟಾರ್ಟ್ ಮಾಡುತ್ತೆ. ಪೈನಲ್ಲೂ ಬೀಗಲ್‌ಬೋನ್‌ನಲ್ಲೂ ಈ ಸೌಲಭ್ಯ ಇದೆ. ಪೈನಲ್ಲಿ ಸುಮಾರು 15 ಸೆಕೆಂಡ್‌ವರೆಗೆ ಕಾಯುತ್ತೆ. ಆದ್ರೆ ಪ್ರೋಗ್ರಾಂ ಬರೆಯೋರು ಅದಕ್ಕೆ ಕೆಲಸ ಒಪ್ಪಿಸಿರಬೇಕು. ಹುಡುಗನ್ನ ಕೇಳಿ, ವಾಚ್‌ಡಾಗ್ ಆನ್ ಮಾಡಿದ್ದೀಯಾ ಅಂತ. ಈ ಒಂದು ಪ್ರಶ್ನೆಗೆ ಅವನಿಗೆ ನಿಮ್ಮ ಮೇಲೆ ಗೌರವ ಜಾಸ್ತಿ ಆಗುತ್ತೆ.

ಇನ್ನೊಂದು ಮಾತು, ಪಟ್ಟಿಯಲ್ಲಿ ಎಲ್ಲೂ ಸಿಗದೇ ಇರೋದು. ಬಿಸಿಯಾದ ಬೋರ್ಡ್ ರಾತ್ರಿ ತಣ್ಣಗಾದಾಗ ಅದರ ಮೇಲೆ ಇಬ್ಬನಿ ಕೂರುತ್ತೆ. ಇರುವೆ, ಹಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರ್ತವೆ. ಬೋರ್ಡಿಗೆ ವಾರ್ನಿಷ್ ಥರದ ಕನ್ಫಾರ್ಮಲ್ ಕೋಟಿಂಗ್ ಹೊಡೆಸಿ, ಪಿನ್ ಮತ್ತು ಸಾಕೆಟ್ ಬಿಟ್ಟು. ವೈರ್ ಡಬ್ಬದ ಕೆಳಗಿನಿಂದ ಒಳಗೆ ಹೋಗಲಿ, ಮೇಲಿಂದ ಬೇಡ.

ಹಾಗಾದ್ರೆ ಯಾವುದು ತರೋದು?

ನನ್ನ ಸಲಹೆ, ಕೆಲಸವನ್ನ ಎರಡು ಭಾಗ ಮಾಡಿ.

ಅಂಗಳದಲ್ಲಿ ಎಣಿಸೋ ಕೆಲಸಕ್ಕೆ ಪೂರ್ತಿ ಕಂಪ್ಯೂಟರ್ ಬೇಡ. ಇಎಸ್‌ಪಿ32 ಥರದ ಮೈಕ್ರೋಕಂಟ್ರೋಲರ್ ಬೋರ್ಡ್ ಸಾಕು. ಅದರಲ್ಲಿ ಲಿನಕ್ಸ್ ಇಲ್ಲ, ಒಂದೇ ಪ್ರೋಗ್ರಾಂ. ಹೆಚ್ಚಿನ ಹೊತ್ತು ನಿದ್ದೆ ಮಾಡುತ್ತೆ, ಬಟ್ಟಲು ವಾಲಿದಾಗ ಎಚ್ಚರ ಆಗಿ ಎಣಿಸಿ ಮತ್ತೆ ಮಲಗುತ್ತೆ. ಸರಾಸರಿ 10 ಮಿಲಿಆಂಪ್ ತಗೊಂಡ್ರೂ 2,500 ಮಿಲಿಆಂಪ್-ಅವರ್‌ನ ಒಂದು ಲಿಥಿಯಂ ಸೆಲ್‌ನಲ್ಲಿ 250 ಗಂಟೆ, ಅಂದ್ರೆ 10 ದಿನ. ಅದರ ಪಕ್ಕದಲ್ಲೇ ಡಿಎಸ್3231 ಗಡಿಯಾರ ಇರಲಿ.

ಮನೆಯೊಳಗೆ, ಒಣಗಿದ ಜಾಗದಲ್ಲಿ, ಕಡಿಮೆ ಬೆಲೆಯ ಸಣ್ಣ ಸಿಂಗಲ್ ಬೋರ್ಡ್ ಕಂಪ್ಯೂಟರ್. 512 ಎಂಬಿ ಇರೋ ಪೈ ಝೀರೋ 2 ಡಬ್ಲ್ಯೂ ಥರದ್ದು. ಕರೆಂಟ್ ಇದ್ದಾಗ ಅಂಗಳದಿಂದ ಲೆಕ್ಕ ತರಿಸ್ಕೊಂಡು, ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ತಂದೆಯವರಿಗೆ ತೋರಿಸಲಿ. ಬೇಕಿದ್ರೆ ಓದಿಯೂ ಹೇಳಲಿ, ಸಿಂಪ್ಯೂಟರ್ ಮಾಡಿದ್ದೂ ಅದನ್ನೇ ಅಲ್ವಾ. ಕರೆಂಟ್ ಹೋದ್ರೆ ಇದು ಮಲಗಿದ್ರೂ ಎಣಿಕೆ ನಿಲ್ಲಲ್ಲ. ಬೀಗಲ್‌ಬೋನ್‌ನ ಚಿಪ್ ಒಳಗೂ ಇಂಥದ್ದೇ ಏರ್ಪಾಡು ಇದೆ. ದೊಡ್ಡ ಪ್ರೊಸೆಸರ್ ಪಕ್ಕದಲ್ಲಿ 200 ಮೆಗಾಹರ್ಟ್ಸ್‌ನ ಎರಡು ಪುಟ್ಟ ಪ್ರೊಸೆಸರ್, ಸಮಯಕ್ಕೆ ಸರಿಯಾಗಿ ಮಾಡಬೇಕಾದ ಸಣ್ಣ ಕೆಲಸಕ್ಕೇ ಅಂತ.

ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಂಥ ಮಳೆಮಾಪಕ ಇಟ್ಟು 15 ನಿಮಿಷಕ್ಕೊಮ್ಮೆ ಲೆಕ್ಕ ತರಿಸ್ಕೊಳ್ಳುತ್ತೆ. ಹಾಗಿದ್ರೆ ಮನೆಯದು ಯಾಕೆ ಅಂತ ಕೇಳಬಹುದು. ಕೊಡಗಿನಲ್ಲಿ ಒಂದು ಗುಡ್ಡ ದಾಟಿದ್ರೆ ಮಳೆ ಬೇರೆ. ನಿಮ್ಮ ತೋಟದ ಮಳೆ ನಿಮ್ಮ ಅಂಗಳದಲ್ಲೇ ಅಳೆಯಬೇಕು. ಆದ್ರೆ ಮನೆಯ ಯಂತ್ರವನ್ನ ಗುಡ್ಡ ಕುಸಿತದ ಮುನ್ನೆಚ್ಚರಿಕೆ ಅಂತ ನಂಬ್ಕೊಂಡು ಕೂರಬೇಡಿ. ಜಿಲ್ಲಾಡಳಿತ ಜಾಗ ಬಿಡಿ ಅಂದ್ರೆ ಬಿಡಿ.

ಕೊನೇದಾಗಿ, ಹಳೇ ಮಳೆಮಾಪಕ ಎಸೀಬೇಡಿ. ರಭಸದ ಮಳೆಯಲ್ಲಿ ಬಟ್ಟಲು ವಾಲೋ ಹೊತ್ತಿಗೆ ಸ್ವಲ್ಪ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತೆ, ಹಾಗಾಗಿ ಯಂತ್ರ ಕಡಿಮೆ ತೋರಿಸುತ್ತೆ. ಒಂದು ಪೂರ್ತಿ ಮಳೆಗಾಲ ಎರಡನ್ನೂ ಪಕ್ಕಪಕ್ಕದಲ್ಲಿ ಇಡಿ. ಬೆಳಿಗ್ಗೆ ಯಾರಾದ್ರೂ ಒಬ್ಬರು ಗಾಜಿನ ಅಳತೆ ನೋಡಿ ಡೈರಿಯಲ್ಲಿ ಬರೀಲಿ, ಪಕ್ಕದ ಕಾಲಂನಲ್ಲಿ ಯಂತ್ರದ ಲೆಕ್ಕ. ಸೆಪ್ಟೆಂಬರ್‌ಗೆ ಕೂತು ಎರಡೂ ಕಾಲಂ ಟ್ಯಾಲಿ ಮಾಡಿ. ವ್ಯತ್ಯಾಸ ಎಷ್ಟು, ಯಾವ ದಿನಗಳಲ್ಲಿ ಅಂತ ಗೊತ್ತಾದ ಮೇಲೆ ತಂದೆಯವರ ಡೈರಿಯನ್ನ ಯಂತ್ರಕ್ಕೆ ಒಪ್ಪಿಸೋದಾ ಬೇಡ್ವಾ ಅಂತ ತೀರ್ಮಾನ ಮಾಡಿ.

ಅಂಗಡಿಗೆ ಹೋಗೋ ಮುಂಚೆ ಒಂದು ಚೀಟಿಯಲ್ಲಿ ಐದು ಸಾಲು ಬರ್ಕೊಳ್ಳಿ: ಗಡಿಯಾರ, ಸಂಗ್ರಹ, ಕರೆಂಟ್, ಪಿನ್, ಕಾವಲು. ಒಂದೊಂದರ ಮುಂದೆ ಬೋರ್ಡಲ್ಲೇ ಇದೆ ಅಥವಾ ನಾನು ಹಾಕಬೇಕು ಅಂತ ಗುರುತು ಮಾಡಿ, ನಾನು ಹಾಕಬೇಕು ಅನ್ನೋದರ ಮುಂದೆ ಬೆಲೆ ಬರೆದು ಕೂಡಿಸಿ. ಆ ಬೋರ್ಡ್‌ನ ನಿಜವಾದ ಬೆಲೆ ಅದು.

ನಿಮ್ಮ ಮನೆಯಲ್ಲೂ ಹಳೇ ಮಳೆ ಡೈರಿ ಇದ್ರೆ ತಿಳಿಸಿ, ಅದರ ಬಗ್ಗೆ ಒಂದು ಸಂಚಿಕೆ ಮಾಡೋ ಆಸೆ ಇದೆ. ಮುಂದಿನ ವಾರ ಸಿಗೋಣ.